ಕೇಳುವುದು ಫೋನಿನಲ್ಲಿ, ಕೊಳ್ಳುವುದು ಪ್ಲೇಟು: ವಿನೈಲ್ ಮರಳಿ ಬಂದದ್ದು ಯಾಕೆ, ಕರಾವಳಿಗೆ ಅದರಲ್ಲಿ ಏನಿದೆ?

ಒಂದು ಸುದ್ದಿ ವರ್ಷ ವರ್ಷವೂ ಬರುತ್ತದೆ. ಓದಿದವರಿಗೆ ಪ್ರತಿ ಸಲವೂ ಗೊಂದಲ. ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ 2024ರ ಲೆಕ್ಕ ಕೊಟ್ಟಾಗಲೂ ಹಾಗೇ ಆಯಿತು. ಆ ವರ್ಷ ಅಲ್ಲಿ 4.4 ಕೋಟಿ ವಿನೈಲ್ ರೆಕಾರ್ಡು ಮಾರಾಟವಾದವು. ಸಿಡಿ 3.3 ಕೋಟಿ. ವಿನೈಲ್ ವ್ಯಾಪಾರ ಏರುತ್ತಾ ಬಂದದ್ದು ಅದು ಸತತ 18ನೇ ವರ್ಷ. ಅದೇ ಲೆಕ್ಕದಲ್ಲಿ ಇನ್ನೊಂದು ಸಾಲೂ ಇದೆ: ಸಂಗೀತದಿಂದ ಬಂದ ಒಟ್ಟು ಹಣದಲ್ಲಿ ನೂರಕ್ಕೆ 84 ಪಾಲು ಸ್ಟ್ರೀಮಿಂಗ್‌ನದು, ಅಂದರೆ ಇಂಟರ್ನೆಟ್ಟಿನಲ್ಲಿ ಆಪ್ ಮೂಲಕ ಹಾಡು ಕೇಳುವುದರದು.

ಅಂದರೆ ಜನ ಕೇಳುವುದು ಫೋನಿನಲ್ಲಿ, ದುಡ್ಡು ಕೊಟ್ಟು ಮನೆಗೆ ತರುವುದು ಪ್ಲೇಟು, ಅಂದರೆ ರೆಕಾರ್ಡು. ತಂದವರೆಲ್ಲ ಅದನ್ನು ಕೇಳುತ್ತಾರಾ ಅಂದರೆ ಅದೂ ಇಲ್ಲ. ಸಂಗೀತ ವ್ಯಾಪಾರದ ಲೆಕ್ಕ ಇಡುವ ಲುಮಿನೇಟ್ ಅನ್ನುವ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಮೆರಿಕದಲ್ಲಿ ವಿನೈಲ್ ಕೊಂಡವರಲ್ಲಿ ಅರ್ಧದಷ್ಟು ಜನರ ಬಳಿ ಮಾತ್ರ ಪ್ಲೇಯರ್ ಇದೆ.

ಮಂಗಳೂರಲ್ಲೋ ಉಡುಪಿಯಲ್ಲೋ ಕೂತು ಇದನ್ನು ಓದುವವರಿಗೆ ಗೊಂದಲ ಇನ್ನೂ ಜಾಸ್ತಿ. ನಮ್ಮಲ್ಲಿ ಅಟ್ಟದ ಮೇಲಿದ್ದ ಪ್ಲೇಟುಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಬೆರಳು ತಾಗಿಸಿದರೆ ಯಾವ ಹಾಡು ಬೇಕಾದರೂ ಬರುವಾಗ, ಎರಡು-ಮೂರು ಸಾವಿರ ರೂಪಾಯಿ ಕೊಟ್ಟು ನಲವತ್ತು ನಿಮಿಷದ ಹಾಡು ಯಾಕೆ ಬೇಕು? ಇದನ್ನು ಸುಮ್ನೆ ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕಬಹುದು. ಹಾಗೆ ಮಾಡಿದರೆ ನಮ್ಮ ಕಪಾಟಿನಲ್ಲೇ ಕೊಳೆಯುತ್ತಿರುವ ಒಂದು ವಸ್ತು, ಹಳೆಯ ಕ್ಯಾಸೆಟ್, ಕಣ್ಣಿಗೆ ಬೀಳದೆ ಹೋಗುತ್ತದೆ.

ಮೊದಲು, ಯಾವ ಪ್ಲೇಟು?

ನಮ್ಮ ಬಾಯಲ್ಲಿ ಎಲ್ಲವೂ ಪ್ಲೇಟೇ. ಆದರೆ ಅದರಲ್ಲಿ ಎರಡು ಜಾತಿ ಇದೆ.

ಹಳೆಯದು ಅರಗಿನ ಪ್ಲೇಟು. ಪಾಂಡವರು ಪಾರಾಗಿ ಬಂದ ಅರಗಿನ ಮನೆಯ ಅದೇ ಅರಗು. ಮರದ ಕೊಂಬೆಗೆ ಹತ್ತುವ ಸಣ್ಣ ಹುಳದಿಂದ ಬರುವ ಅಂಟು ಅದು, ಜಗತ್ತಿಗೆ ಅದನ್ನು ಒದಗಿಸುತ್ತಿದ್ದ ದೇಶಗಳಲ್ಲಿ ಭಾರತ ಮುಂದು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. 10 ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಹಾಡು. ಕೈಜಾರಿ ಬಿದ್ದರೆ ಹೆಂಚು ಒಡೆದ ಹಾಗೆ ಚೂರು ಚೂರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಅರಗಿನ ತಟ್ಟೆಗೇ. ಕರೆಂಟಿಲ್ಲದ ಮನೆಗಳಲ್ಲಿ ಕೀ ಕೊಟ್ಟು ತಿರುಗಿಸುವ ಗ್ರಾಮಫೋನ್‌ಗಳು ಬೇಕಾದಷ್ಟು ಇದ್ದ ಕಾರಣ, ಬೇರೆ ದೇಶಗಳು ಕೈಬಿಟ್ಟ ಮೇಲೂ ನಮ್ಮಲ್ಲಿ ಇದು 1960ರ ದಶಕದಲ್ಲೂ ನಡೆಯಿತು. ಬೀಟಲ್ಸ್ ತಂಡದ ಹಾಡುಗಳನ್ನು ಸಹ ಭಾರತದಲ್ಲಿ 78ರ ತಟ್ಟೆಗೆ ಒತ್ತಿದ್ದರು. ಇವತ್ತು ಸಂಗ್ರಹಕಾರರು ಅವುಗಳಿಗೆ ದೊಡ್ಡ ಬೆಲೆ ಕೊಡುತ್ತಾರೆ.

ಎರಡನೆಯದು ವಿನೈಲ್. ನಾವು ನೀರಿನ ಪೈಪಿಗೆ ಬಳಸುವ ಪಿವಿಸಿ ಇದೆಯಲ್ಲ, ಅದೇ ಜಾತಿ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಇದರಲ್ಲಿ ಎಲ್‌ಪಿ ತಂದಿತು. 12 ಇಂಚು ಅಗಲ, ನಿಮಿಷಕ್ಕೆ 33 ಚಿಲ್ಲರೆ ಸುತ್ತು, ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು. ಈಗ ಮರಳಿ ಬಂದಿರುವುದು ಇದು.

ಮನೆಯಲ್ಲಿ ಹಳೆ ಗ್ರಾಮಫೋನ್ ಇರುವವರು ಒಂದು ವಿಷಯ ಗಮನಿಸಬೇಕು. ಅದರ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲೆ ಇಡಲೇಬಾರದು. ಅರಗಿನ ತಟ್ಟೆಗಾಗಿ ಮಾಡಿದ ಮುಳ್ಳು ಅದು, ವಿನೈಲನ್ನು ಒಂದೇ ಸಲಕ್ಕೆ ಉತ್ತು ಹಾಕುತ್ತದೆ. ಇನ್ನು ಹಿತ್ತಾಳೆಯ ದೊಡ್ಡ ಕೊಳವೆ ಸಿಕ್ಕಿಸಿ ‘ಪುರಾತನ’ ಎಂದು ಮಾರುವ ಗ್ರಾಮಫೋನ್‌ಗಳಲ್ಲಿ ಜಾಸ್ತಿಯವು ಇತ್ತೀಚೆಗೆ ಜೋಡಿಸಿದವು. ಪ್ಲೇಟಿನ ಮೇಲೆ ಪ್ರೀತಿ ಇರುವವರು ಅವುಗಳಿಂದ ದೂರ ಇರುವುದೇ ಒಳ್ಳೆಯದು.

ಗೆರೆಯೊಳಗೆ ಏನಿದೆ?

ಎಲ್‌ಪಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೂರಾರು ಉಂಗುರ ಇದ್ದ ಹಾಗೆ ಕಾಣುತ್ತದೆ. ನಿಜಕ್ಕೂ ಇರುವುದು ಒಂದೇ ಗೆರೆ, ಹೊರ ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತಾ ಹೋಗುವ ಒಂದೇ ಒಂದು ಸಣ್ಣ ತೋಡು. ಬಿಚ್ಚಿ ಉದ್ದಕ್ಕೆ ಇಟ್ಟರೆ ಒಂದು ಮಗ್ಗುಲಿನದೇ ಸುಮಾರು ಅರ್ಧ ಕಿಲೋಮೀಟರ್ ಆಗುತ್ತದೆ. ಗಾಯಕಿಯ ಉಸಿರು, ತಬಲದ ಪೆಟ್ಟು, ಎಲ್ಲವೂ ಆ ತೋಡಿನ ಎರಡು ಗೋಡೆಗಳ ಮೇಲಿನ ಉಬ್ಬು ತಗ್ಗುಗಳಾಗಿ ಕೂತಿವೆ. ವಜ್ರದ ಮುಳ್ಳು ಅದರ ಮೇಲೆ ಓಡುತ್ತಾ ನಡುಗುತ್ತದೆ. ಆ ನಡುಕವೇ ಕರೆಂಟಾಗಿ, ಆಂಪ್ಲಿಫೈಯರ್ ದಾಟಿ, ಸದ್ದಾಗಿ ಹೊರಗೆ ಬರುತ್ತದೆ. ಒಳ್ಳೆಯ ಪ್ಲೇಯರಿನಲ್ಲಿ ಮುಳ್ಳಿನ ಭಾರ ಒಂದೂವರೆ-ಎರಡು ಗ್ರಾಂ ಅಷ್ಟೇ. ಅಗ್ಗದ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಅದು ಇದರ ಎರಡು-ಮೂರು ಪಟ್ಟು ಇರುತ್ತದೆ, ಗೆರೆ ಬೇಗ ಸವೆಯುತ್ತದೆ.

ಆಂಪ್ಲಿಫೈಯರ್ ಆಫ್ ಮಾಡಿ, ಮುಳ್ಳಿನ ಹತ್ತಿರ ಕಿವಿ ಇಟ್ಟರೆ ಹಾಡು ಸಣ್ಣಗೆ, ಸೊಳ್ಳೆಯ ಸ್ವರದಲ್ಲಿ ಕೇಳುತ್ತದೆ. ಹಾಡು ಎಲ್ಲಿದೆ ಎಂದು ಕಣ್ಣಿಂದ ನೋಡಬಹುದು, ಕಿವಿಯಿಂದ ಹಿಡಿಯಬಹುದು. ಪ್ಲೇಟಿನ ಸೆಳೆತಕ್ಕೆ ಇದೊಂದು ದೊಡ್ಡ ಕಾರಣ. ಫೋನಿನಲ್ಲಿ ಹಾಡು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ.

ಸದ್ದು ನಿಜವಾಗಿ ಚೆನ್ನಾಗಿದೆಯಾ?

ವಾದ ಜೋರಾಗಿರುವುದು ಇಲ್ಲೇ. ಒಂದು ಪಕ್ಷ ಹೇಳುತ್ತದೆ: ಪ್ಲೇಟಿನ ಸದ್ದು ಬೆಚ್ಚಗೆ, ತುಂಬಿದ ಹಾಗೆ ಇರುತ್ತದೆ, ಡಿಜಿಟಲ್ ಸದ್ದು ಒಣ ಒಣ. ಇನ್ನೊಂದು ಪಕ್ಷದಲ್ಲಿ ಎಂಜಿನಿಯರುಗಳಿದ್ದಾರೆ. ಅವರ ಲೆಕ್ಕ ಸೀದಾ. ಅತಿ ಮೆಲು ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಸಿಡಿ 96 ಡೆಸಿಬಲ್ ಅಂತರ ಹಿಡಿಯಬಲ್ಲದು. ವಿನೈಲ್ ಹಿಡಿಯುವುದು 60-70ರ ಆಸುಪಾಸು. ಪ್ಲೇಟಿನ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ನಡುವಿನ ಹತ್ತಿರ ಬಂದಾಗ ಬರೀ 20. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಹಾಡು ತುರುಕಬೇಕು. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡು ಸ್ವಲ್ಪ ಕಲಕಿದ ಹಾಗೆ ಕೇಳಬಹುದು.

ಲೆಕ್ಕದಲ್ಲಿ ಎಂಜಿನಿಯರುಗಳು ಸರಿ. ಆದರೆ ಕೇಳುವವರ ಕಿವಿಯೂ ಸುಳ್ಳು ಹೇಳುತ್ತಿಲ್ಲ. 1990ರ ನಂತರ ಸಿಡಿಗಳಿಗೆ ಹಾಡನ್ನು ಆದಷ್ಟು ಜೋರಾಗಿ ತುಂಬುವ ಪೈಪೋಟಿ ನಡೆಯಿತು. ಮೆಲು ಸ್ವರವನ್ನೂ ಎತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಪ್ಲೇಟಿನಲ್ಲಿ ಅಷ್ಟು ಜೋರು ತುಂಬಿದರೆ ಮುಳ್ಳು ಗೆರೆ ಬಿಟ್ಟು ಹಾರುತ್ತದೆ. ಅದಕ್ಕೆ ಎಷ್ಟೋ ಸಲ ಪ್ಲೇಟಿಗಾಗಿ ಬೇರೆಯೇ, ಹೆಚ್ಚು ಹದವಾದ ಪ್ರತಿ ತಯಾರಿಸುತ್ತಾರೆ. ಅದು ಕಿವಿಗೆ ಹಿತ. ಹಿತ ಬಂದದ್ದು ಪ್ಲಾಸ್ಟಿಕ್ಕಿನಿಂದ ಅನ್ನುವುದಕ್ಕಿಂತ, ತಯಾರಿಸಿದವರು ತೋರಿಸಿದ ಸಂಯಮದಿಂದ ಅನ್ನುವುದು ಸರಿ.

ಈ ವಾದಕ್ಕೆ 2022ರಲ್ಲಿ ಒಂದು ಗಟ್ಟಿ ಸಾಕ್ಷಿ ಸಿಕ್ಕಿತು. ಮೊಬೈಲ್ ಫಿಡೆಲಿಟಿ ಅನ್ನುವ ಅಮೆರಿಕದ ಕಂಪನಿ ಮೂಲ ಟೇಪಿನಿಂದ ನೇರ ತಯಾರಿಸಿದ ಪ್ಲೇಟುಗಳಿಗೆ ಹೆಸರಾಗಿತ್ತು. ಅಂಥ ಎಷ್ಟೋ ಪ್ಲೇಟುಗಳ ತಯಾರಿಯಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ನಡುವೆ ಒಂದು ಡಿಜಿಟಲ್ ಹಂತ ಇತ್ತು ಎಂದು ಆ ವರ್ಷ ಗೊತ್ತಾಯಿತು. ವಿಷಯ ಕೋರ್ಟಿಗೆ ಹೋಗಿ 2.5 ಕೋಟಿ ಡಾಲರಿನ ರಾಜಿ ಆಯಿತು. ಅಲ್ಲಿಯವರೆಗೆ ಆ ಪ್ಲೇಟುಗಳನ್ನು ಕೇಳಿ ಮೆಚ್ಚಿದವರಲ್ಲಿ ಬಹಳ ಜನರಿಗೆ ಡಿಜಿಟಲ್ ಹಂತದ ಸುಳಿವು ಕಿವಿಯಿಂದ ಸಿಕ್ಕಿರಲೇ ಇಲ್ಲ. ಹಾಗಿದ್ದ ಮೇಲೆ ಸದ್ದೊಂದನ್ನೇ ಕಾರಣ ಎಂದು ಹಿಡಿದರೆ ಈ 18 ವರ್ಷದ ಏರಿಕೆ ಅರ್ಥವಾಗುವುದಿಲ್ಲ.

ಬಾಡಿಗೆ ಹಾಡು

ಅರ್ಥವಾಗಬೇಕಾದರೆ ಸ್ಟ್ರೀಮಿಂಗ್‌ನ ವ್ಯವಹಾರ ನೋಡಬೇಕು. ತಿಂಗಳಿಗೆ ನೂರು-ನೂರೈವತ್ತು ರೂಪಾಯಿ ಕೊಟ್ಟು ನಾವು ಪಡೆಯುವುದು ಹಾಡನ್ನಲ್ಲ, ಕೇಳುವ ಅನುಮತಿಯನ್ನು. ಮನೆ ಬಾಡಿಗೆ ಇದ್ದ ಹಾಗೆ. ಮಾಲೀಕರ ನಡುವೆ ಜಗಳ ಬಂದರೆ ಬಾಡಿಗೆದಾರ ಬೀದಿಗೆ ಬರುತ್ತಾನೆ.

2023ರ ಮಾರ್ಚ್‌ನಲ್ಲಿ ಹೀಗೇ ಆಯಿತು. ಹಾಡು ಕೇಳಿಸುವ ಆಪ್ ಸ್ಪಾಟಿಫೈ ಮತ್ತು ಹಾಡುಗಳ ಹಕ್ಕು ಇಟ್ಟುಕೊಂಡ ಜೀ ಮ್ಯೂಸಿಕ್ ನಡುವೆ ಒಪ್ಪಂದ ಕೂಡಿಬರಲಿಲ್ಲ. ಜನಪ್ರಿಯ ಹಿಂದಿ ಹಾಡುಗಳು ಕೇಳುಗರ ಪಟ್ಟಿಗಳಿಂದ ಮಾಯವಾದವು. 2024ರ ಜನವರಿ ಕೊನೆಗೆ ರೆಸ್ಸೋ ಅನ್ನುವ ಇನ್ನೊಂದು ಹಾಡಿನ ಆಪ್ ಭಾರತದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ನಿಲ್ಲಿಸುವುದಾಗಿ ಹೇಳಿತು. ಇಂಥ ಆಪ್‌ನಲ್ಲಿ ವರ್ಷಗಟ್ಟಲೆ ಕೂತು ಜೋಡಿಸಿದ ಪಟ್ಟಿ ಆಪ್ ಮುಚ್ಚಿದರೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಆದರೆ ಅಜ್ಜಿ 1975ರಲ್ಲಿ ತಂದ ಪ್ಲೇಟನ್ನು ಮೊಮ್ಮಗಳು ಇವತ್ತೂ ಹಾಕಬಹುದು. ಕಂಪನಿ ಮುಚ್ಚಿದರೂ ಗೆರೆ ಗೆರೆಯೇ.

ಪ್ಲೇಯರ್ ಇಲ್ಲದೆ ಪ್ಲೇಟು ಕೊಳ್ಳುವ ಆ ಅರ್ಧದಷ್ಟು ಜನರೂ ಇಲ್ಲಿ ಅರ್ಥವಾಗುತ್ತಾರೆ. ಅವರಿಗೆ ಕೇಳಲು ಫೋನ್ ಇದೆ. ಕೈಯಲ್ಲಿ ಹಿಡಿಯಲು, ಗೋಡೆಗೆ ಇಡಲು, ಮೆಚ್ಚಿದ ಗಾಯಕರಿಗೆ ನಾಲ್ಕು ಕಾಸು ಜಾಸ್ತಿ ತಲುಪಿಸಲು ಪ್ಲೇಟು ಬೇಕು. ಇದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ.

ಮುಗಿಯುವ ಹಾಡು

ಇನ್ನೊಂದು ಕಾರಣ ಕರಾವಳಿಯವರಿಗೆ ಬೇಗ ತಿಳಿಯುತ್ತದೆ. ಯಕ್ಷಗಾನ ಇಡೀ ರಾತ್ರಿಯ ಆಟವೋ, ಕೆಲವೇ ಗಂಟೆಗೆ ಮುಗಿಯುವ ಕಾಲಮಿತಿಯ ಆಟವೋ ಅನ್ನುವ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ, ಅಲ್ವಾ? ಇಡೀ ರಾತ್ರಿಯ ಆಟಕ್ಕೂ ಒಂದು ಕೊನೆ ಇದೆ. ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡುತ್ತಾರೆ. ಸ್ಟ್ರೀಮಿಂಗ್‌ಗೆ ಮಂಗಳವೇ ಇಲ್ಲ. ನಾವು ಆರಿಸಿದ ಹಾಡು ಮುಗಿದರೆ ಅದು ತಾನೇ ಇನ್ನೊಂದು ಹಾಕುತ್ತದೆ, ಆಮೇಲೆ ಮತ್ತೊಂದು. ಹಾಡು ಹಿನ್ನೆಲೆಯ ಸದ್ದಾಗುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಹಿಡಿಸದಿದ್ದರೆ ದಾಟಿಸುತ್ತೇವೆ.

ಪ್ಲೇಟಿಗೆ ಎದ್ದು ಹೋಗಬೇಕು. ಲಕೋಟೆಯಿಂದ ತೆಗೆದು, ಅಂಚು ಹಿಡಿದು, ಧೂಳು ಒರೆಸಿ ಇಡಬೇಕು. ಇಪ್ಪತ್ತು ನಿಮಿಷಕ್ಕೆ ಮತ್ತೆ ಎದ್ದು ಮಗುಚಬೇಕು. ಹಾಡು ದಾಟಿಸುವುದು ಕಷ್ಟ, ಹಾಗಾಗಿ ಹಿಡಿಸದ ಹಾಡನ್ನೂ ಕೇಳುತ್ತೇವೆ. ಕೆಲವು ಎರಡನೇ ಸಲಕ್ಕೆ ಹಿಡಿಸತೊಡಗುತ್ತವೆ. ತೊಡಕು ಅನ್ನಿಸಿದ್ದೇ ಇಲ್ಲಿ ಕೆಲಸ ಮಾಡುತ್ತಿದೆ. ಎಲ್ಲವೂ ಸಿಗುವ ಕಾಲದಲ್ಲಿ ಜನ ಒಂದು ಮಿತಿಯನ್ನು ದುಡ್ಡು ಕೊಟ್ಟು ತರುತ್ತಿದ್ದಾರೆ ಎಂದೇ ನನ್ನ ಅಂದಾಜು. ಪ್ಲೇಟಿನ ಮರಳುವಿಕೆಯಲ್ಲಿ ನನಗೆ ಗೌರವ ಇರುವುದು ಈ ಕಾರಣಕ್ಕೆ.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ಈ ವ್ಯಾಪಾರ ಇನ್ನೂ ಸಣ್ಣದು. ಕಲ್ಕತ್ತೆಯ ಡಂಡಂ ಕಾರ್ಖಾನೆಯಿಂದ ಒಂದು ಕಾಲದಲ್ಲಿ ದೇಶಕ್ಕೆಲ್ಲ ಪ್ಲೇಟು ಹೋಗುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಆ ಕೆಲಸ ಕುಸಿದು ಕೊನೆಗೆ ನಿಂತಿತು. ಆಮೇಲೆ ಹೊಸ ಪ್ಲೇಟು ಬೇಕಾದರೆ ಹೊರದೇಶದಲ್ಲಿ ಒತ್ತಿಸಿ ತರಿಸಬೇಕಾಯಿತು. ಸಾಗಣೆ, ಸುಂಕ ಎಲ್ಲ ಸೇರಿ ಬೆಲೆ ಸಾವಿರಗಳಿಗೆ ಏರುವುದು ಹೀಗೆ. ಇತ್ತೀಚೆಗೆ ಮುಂಬೈ ಕಡೆ ಹೊಸ ಘಟಕವೊಂದು ಪ್ಲೇಟು ಒತ್ತಲು ಶುರು ಮಾಡಿದೆ. ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಅಚ್ಚು ಮಾಡುವ ಖರ್ಚು ನೂರು ಪ್ರತಿಗೂ ಒಂದೇ, ಸಾವಿರಕ್ಕೂ ಒಂದೇ. ಹಾಗಾಗಿ ಮೊದಲು ಬರುವುದು ಜಾಸ್ತಿ ಮಾರಾಟವಾಗುವ ಸಿನಿಮಾ ಹಾಡುಗಳೇ. ತುಳು, ಕೊಂಕಣಿ, ಬ್ಯಾರಿ ಹಾಡುಗಳ ಸರದಿ ಸುಲಭಕ್ಕೆ ಬರಲಿಕ್ಕಿಲ್ಲ.

ಕರಾವಳಿಯ ಸಂಪತ್ತು ಕ್ಯಾಸೆಟ್‌ನಲ್ಲಿ

ನಮ್ಮ ಕಥೆ ಬೇರೆಯಾಗುವುದು ಇಲ್ಲಿಂದ. ಪ್ಲೇಟಿನ ಕಾಲದಲ್ಲಿ ನಮ್ಮ ಸ್ವಂತ ಕಲೆಗೆ ಜಾಗ ಸಿಕ್ಕಿದ್ದು ಕಡಿಮೆ. ಕಾರಣ ಸರಳ. ಮೂರು ನಿಮಿಷದ ತಟ್ಟೆಯಲ್ಲಿ ಯಕ್ಷಗಾನದ ಹಾಡುಗಾರರಾದ ಭಾಗವತರು ಒಂದು ಪದ ಎತ್ತಿ, ಚೆಂಡೆ-ಮದ್ದಳೆ ಕಾವೇರುವಷ್ಟರಲ್ಲಿ ಮಗ್ಗುಲು ಮುಗಿದುಹೋಗುತ್ತದೆ. ಎಲ್‌ಪಿಯ ಎರಡೂ ಮಗ್ಗುಲು ಸೇರಿದರೂ ಮುಕ್ಕಾಲು ಗಂಟೆ. ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಒಬ್ಬ ಅರ್ಥಧಾರಿ ಪೀಠಿಕೆಗೇ ಅಷ್ಟು ಹೊತ್ತು ತೆಗೆದುಕೊಳ್ಳಬಹುದು.

ಕ್ಯಾಸೆಟ್ ಈ ಗೋಡೆ ಒಡೆಯಿತು. ತೊಂಬತ್ತು ನಿಮಿಷದ ಕ್ಯಾಸೆಟ್ ಆರು ಇದ್ದರೆ ಇಡೀ ರಾತ್ರಿಯ ಆಟ ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಪ್ಲೇಟನ್ನು ಕೇಳಬಹುದು ಅಷ್ಟೇ, ಕ್ಯಾಸೆಟ್‌ಗೆ ನಾವೇ ತುಂಬಬಹುದು. ಗಲ್ಫ್‌ನಿಂದ, ಮುಂಬೈಯಿಂದ ಊರಿಗೆ ಬಂದವರು ತಂದ ಟೂ ಇನ್ ವನ್ ಸೆಟ್ಟುಗಳು ರಂಗಸ್ಥಳದ ಬದಿಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ, ಮೈಕಿನ ಪೆಟ್ಟಿಗೆ ಪಕ್ಕ ಕೂತವು. ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಸಣ್ಣ ಪ್ರಾಯ. ಆ ಕಂಠವನ್ನು ಮುಂದಿನ ತಲೆಮಾರು ಕೇಳಿದ್ದು ಬಹುಪಾಲು ಕ್ಯಾಸೆಟ್‌ನಿಂದಲೇ.

ತಾಳಮದ್ದಳೆಯ ವಿಷಯದಲ್ಲಂತೂ ಕ್ಯಾಸೆಟ್‌ನ ಬೆಲೆ ಲೆಕ್ಕಕ್ಕೆ ಸಿಗದ್ದು. ಪದ ಪ್ರಸಂಗದ ಪುಸ್ತಕದಲ್ಲಿ ಇರುತ್ತದೆ. ಅರ್ಥ, ಅಂದರೆ ಪಾತ್ರ ಆಡುವ ಮಾತು, ಎಲ್ಲೂ ಇರುವುದಿಲ್ಲ, ಆ ರಾತ್ರಿ ಆ ಕೂಟದಲ್ಲಿ ಎದುರಾಳಿಯ ಮಾತಿಗೆ ತಕ್ಕ ಹಾಗೆ ಹುಟ್ಟುತ್ತದೆ. 2006ರಲ್ಲಿ ತೀರಿಹೋದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಒಂದು ಕೂಟವನ್ನು ಯಾರೋ ಹಿಡಿದಿಟ್ಟ ಕ್ಯಾಸೆಟ್ ಇದ್ದರೆ, ಆ ಕೂಟ ಉಳಿದಿರುವುದು ಅದೊಂದರಲ್ಲೇ ಇರಬಹುದು. ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಹೆಸರಾಂತ ಸಿನಿಮಾ ಹಾಡಿನ ಪ್ಲೇಟು ಒಡೆದರೆ ಇನ್ನೆಲ್ಲೋ ಸಾವಿರ ಇದ್ದಾವು.

ಮಳೆಗಾಲ ಮತ್ತು ಟೇಪು

ವಿನೈಲ್ ನೀರು ಕುಡಿಯುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಊರಲ್ಲಿ ಅದರ ಕಾಗದದ ಲಕೋಟೆಗೆ ಬೂಷ್ಟು ಹಿಡಿಯುತ್ತದೆ, ತಟ್ಟೆಯ ಮೇಲೂ ಬಿಳಿ ಚುಕ್ಕೆ ಕಾಣಬಹುದು. ಶುದ್ಧ ನೀರಿನಲ್ಲಿ ಹುಷಾರಾಗಿ ತೊಳೆದು ಒಣಗಿಸಿದರೆ ಬಹುಪಾಲು ಸರಿಹೋಗುತ್ತದೆ. ಅದರ ಶತ್ರು ಬಿಸಿಲು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಟೇಪು ಹಾಗಲ್ಲ. ಕ್ಯಾಸೆಟ್ ಒಳಗಿರುವುದು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ತೊಂಬತ್ತು ನಿಮಿಷದ್ದರಲ್ಲಿ ಸುಮಾರು 130 ಮೀಟರ್. ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಹಾಡು ಇರುವುದು ಆ ಪುಡಿಯಲ್ಲಿ. ಥಂಡಿಗೆ ಅಂಟು ಸಡಿಲವಾಗುತ್ತದೆ, ಸುತ್ತುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಕ್ಯಾಸೆಟ್‌ನ ಸಣ್ಣ ಕಿಟಕಿಯಲ್ಲಿ ನೋಡಿದರೆ ಟೇಪಿನ ಸುರುಳಿಯ ಅಂಚಲ್ಲಿ ಹಿಟ್ಟು ಚಿಮುಕಿಸಿದ ಹಾಗೆ ಬೂಷ್ಟು ಕಾಣುತ್ತದೆ. ಟೇಪನ್ನು, ಅದನ್ನು ಓದುವ ಸೆಟ್ಟಿನ ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಬಟ್ಟೆಯ ತುಂಡು ಕಳಚಿ ಬಿದ್ದಿರುತ್ತದೆ. ಹಾಗೇ ಸೆಟ್ಟಿಗೆ ಹಾಕಿದರೆ ಟೇಪು ಸಿಕ್ಕಿಹಾಕಿಕೊಂಡು ಹರಿಯಬಹುದು. ಬೂಷ್ಟು ಹೆಡ್ಡಿಗೆ ಅಂಟಿ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ದಾಟುತ್ತದೆ.

1980ರ ದಶಕದಲ್ಲಿ ತುಂಬಿದ ಕ್ಯಾಸೆಟ್‌ಗಳು ಈಗ ನಲವತ್ತು ಮಳೆಗಾಲ ಕಂಡಿವೆ.

ಮುಂದೆ ಏನಾಗಬಹುದು?

ಯಕ್ಷಗಾನದ ಪದಗಳನ್ನು, ತುಳುವಿನ ಜನಪದ ಕಥನ ಹಾಡುಗಳಾದ ಪಾಡ್ದನಗಳನ್ನು ವಿನೈಲಿಗೆ ಒತ್ತಿಸಬೇಕು ಅನ್ನುವವರ ಆಸೆ ಒಳ್ಳೆಯದೇ. ಗೌರವ ಸಿಗುತ್ತದೆ, ಬಾಳಿಕೆಯೂ ಬರುತ್ತದೆ. ಅದು ದುಡ್ಡು ದಂಡ, ಡಿಜಿಟಲ್‌ಗೆ ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತು ಹತ್ತಿರ, ಆದರೆ ಅದರಲ್ಲೂ ಒಂದು ಬಿರುಕಿದೆ. ಡಿಜಿಟಲ್ ಅಂದರೆ ಆಪ್‌ಗೆ ಹಾಕಿ ಮರೆಯುವುದು ಅಂತಾದರೆ, ಮೇಲೆ ಹೇಳಿದ ಬಾಡಿಗೆ ಮನೆಗೇ ನಮ್ಮ ಸಾಮಾನು ಸಾಗಿಸಿದ ಹಾಗೆ. 2024ರಿಂದ ಸ್ಪಾಟಿಫೈಯಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಕೇಳದ ಹಾಡಿಗೆ ಕಾಸು ಬರುವುದಿಲ್ಲ. ಸಣ್ಣ ಭಾಷೆಯ, ಉದ್ದದ ಕೂಟಗಳಿಗೆ ಆ ವ್ಯವಸ್ಥೆಯಲ್ಲಿ ಆಸರೆ ಕಡಿಮೆ. ಅಲ್ಲಿಯೂ ಹಾಕಬಹುದು, ಆದರೆ ಮೂಲ ಫೈಲು ನಮ್ಮ ಕೈಯಲ್ಲೇ ಇರಬೇಕು. ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಊರಲ್ಲಿರುವ ನೆಂಟರ ಮನೆಯಲ್ಲಿ ಮತ್ತೊಂದು.

ಕಾನೂನಿನ ಪ್ರಶ್ನೆಯೂ ಬರುತ್ತದೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ. 1964ರಲ್ಲಿ ಬಂದ ಪ್ಲೇಟಿನ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿಯಿತು. ಕವಿಯ, ಸಂಗೀತಗಾರರ ಹಕ್ಕಿನ ಲೆಕ್ಕ ಬೇರೆ. ಕ್ಯಾಸೆಟ್‌ನ ಕಾಲದ್ದು ಇನ್ನೂ ಹಕ್ಕಿನೊಳಗೇ ಇದೆ, ಕಲಾವಿದರ ಹಕ್ಕೂ ಇದೆ. ಹಾಗಾಗಿ ಕೂಟದ ಟೇಪನ್ನು ಊರಿಗೆಲ್ಲ ಹಂಚುವ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳುವುದು ಸರಿಯಾದ ದಾರಿ. ಉಳಿಸಿಕೊಳ್ಳುವ ಕೆಲಸ ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಈ ಕೆಲಸಕ್ಕೆ ಊರಲ್ಲಿ ಮಾದರಿ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕು.ಶಿ. ಹರಿದಾಸ ಭಟ್ಟರ ಕಾಲದಿಂದಲೂ ಯಕ್ಷಗಾನ, ಭೂತಾರಾಧನೆ, ಪಾಡ್ದನಗಳನ್ನು ಹಿಡಿದಿಡುತ್ತಾ ಬಂದಿದೆ. ಮನೆ ಮನೆಯ ಕಪಾಟಿನಲ್ಲಿ ಇರುವುದನ್ನೆಲ್ಲ ಒಂದು ಸಂಸ್ಥೆ ಮುಟ್ಟಲಾರದು. ಯಾಕೆಂದರೆ ಟೇಪನ್ನು ಡಿಜಿಟಲ್ ಮಾಡುವುದರಲ್ಲಿ ಅಡ್ಡದಾರಿ ಇಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್‌ಗೆ ತೊಂಬತ್ತು ನಿಮಿಷ ಬೇಕೇ ಬೇಕು.

ಮನೆಯಲ್ಲಿ ಶುರು ಮಾಡುವವರು ಮೊದಲು ಕಂಪನಿಯ ಮುದ್ರಿತ ಕ್ಯಾಸೆಟ್‌ಗಳನ್ನು ಬದಿಗಿಡಿ, ಅವು ಇನ್ನೊಬ್ಬರ ಬಳಿ ಸಿಗುತ್ತವೆ. ಕೈಯಲ್ಲಿ ಹೆಸರು ಬರೆದವುಗಳನ್ನು ಆರಿಸಿ. ಬೂಷ್ಟು ಕಂಡವನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಗೊತ್ತಿದ್ದವರಿಗೆ ತೋರಿಸುವವರೆಗೆ ಸೆಟ್ಟಿಗೆ ಹಾಕಬೇಡಿ. ಸೆಟ್ಟಿನ ಹೆಡ್ಡು ಒರೆಸಿ. ಫೈಲನ್ನು ಕುಗ್ಗಿಸದೆ ವೇವ್ ರೂಪದಲ್ಲೇ ಇಡಿ. ಲೇಬಲಿನ ಫೋಟೊ ತೆಗೆಯಿರಿ. ಅದರ ಮೇಲೆ ‘ಕರ್ಣಪರ್ವ, ಭಾಗ 2’ ಅಂತ ಮಾತ್ರ ಬರೆದಿದ್ದರೆ, ಮನೆಯ ಹಿರಿಯರನ್ನು ಪಕ್ಕ ಕೂರಿಸಿ ಕೇಳಿಸಿ. ಭಾಗವತರು ಯಾರು, ಮದ್ದಳೆಗೆ ಯಾರು, ಕರ್ಣನ ಅರ್ಥ ಯಾರದ್ದು, ಯಾವ ಊರಿನ ಕೂಟ? ಸ್ವರ ಕೇಳಿ ಗುರುತು ಹಿಡಿಯಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳಿದ್ದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.